ಅಕ್ಕನ ಮಂಡಿ, ಸೈಕಲ್ಲಿನ ಪರದೆ

ಅಕ್ಟೋಬರ್ 3, ಶುಕ್ರವಾರ. ಬೆಳಿಗ್ಗೆ 7

...ಒಂದು ಚೊಂಬಲ್ಲ, ಎರಡು ಚೊಂಬಲ್ಲ. ಬಕೆಟ್ ಖಾಲಿಯಾಗುವವರೆಗೂ ನೀರು ಸುರಿದಿದ್ದಾಳೆ. ನಿನ್ನೆ ಬರೆಯುತ್ತ ಬರೆಯುತ್ತ ಕೋಪ ನೆತ್ತಿಗೇರಿ ಪುಸ್ತಕ ಮುಚ್ಚಿಟ್ಟೆ. ಮಲಗಿ ಎದ್ದರೂ ಇಳಿದಿಲ್ಲ. ಆಯುಧಪೂಜೆ ಅಂದಮೇಲೆ ಅರಿಸಿನ ಕುಂಕುಮ ಇಡಬೇಕು, ಹೂವು ಮುಡಿಸಬೇಕು, ನಿಂಬೆಹಣ್ಣು ಕುಯ್ಯಬೇಕು. ಒಪ್ಪಿದೆ. ಆದರೆ ಟಚ್‌ಸ್ಕ್ರೀನ್ ಇರುವ ಎಕ್ಸರ್‌ಸೈಜ್ ಸೈಕಲ್ಲನ್ನು ಎತ್ತಿನ ಮೈ ತೊಳೆದ ಹಾಗೆ ತೊಳೆಯುವವಳು ಇಡೀ ಲಕ್ಷ್ಮೀಪುರಂನಲ್ಲಿ ನಮ್ಮ ಮುದ್ದಮ್ಮಕ್ಕ ಒಬ್ಬಳೇ.

ವಾಕರ್ ಹಿಡಿದು ನಿಂತು ಅಮರನ ಕೈಲಿ ನೀರು ತುಂಬಿಸಿಕೊಂಡಳಂತೆ. ಅವನು ತನ್ನ ಬೈಕು ತೊಳೆಯಲಿಕ್ಕೆ ಅಂದುಕೊಂಡನಂತೆ. ನನ್ನ ಮಗ. ಮಂಡಕಳ್ಳಿ ಏರ್‌ಪೋರ್ಟಿನಲ್ಲಿ ಜನರ ಪೆಟ್ಟಿಗೆಗಳನ್ನೆಲ್ಲ ಎಕ್ಸ್‌ರೇ ಮಾಡಿ ನೋಡುತ್ತಾನೆ. ಮನೆಯಲ್ಲಿ ಸೋದರತ್ತೆ ಏನು ಮಾಡುತ್ತಾಳೋ ಕಾಣುವುದಿಲ್ಲ.

ಹೀಗಾಗುತ್ತದೆ ಎಂದು ಊಹಿಸಿಯೇ ಹಿಂದಿನ ಸಾಯಂಕಾಲ ನಾನು ಬಂದೋಬಸ್ತ್ ಮಾಡಿದ್ದೆ. ಸೈಕಲ್ಲಿನ ಕಂಬದ ನಾಲ್ಕು ಸ್ಕ್ರೂ ಬಿಚ್ಚಿ, ಒಳಗೆ ಕೆಳಗಿನ ವೈರೂ ಮೇಲಿನ ವೈರೂ ಸೇರುವ ಕನೆಕ್ಟರಿಗೆ ಪೆಟ್ರೋಲಿಯಂ ಜೆಲ್ಲಿ ತುಂಬಿ, ಮತ್ತೆ ಕೂಡಿಸಿ, ಮುಚ್ಚಿದ್ದೆ. ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೆಂಟು ವರ್ಷ ಕೇಬಲ್ ಜಾಯಿಂಟರ್ ಆಗಿದ್ದವನು ನಾನು. ಜೆಲ್ಲಿ ತುಂಬಿದ ಕೇಬಲ್ಲಿಗೆ ನೀರು ಇಳಿಯುವುದಿಲ್ಲ ಅನ್ನುವುದು ನಮಗೆ ಅಆಇಈ. ಅದನ್ನೂ ಮೀರಿ ಇಳಿದಿದೆ ಅಂದರೆ ಎಷ್ಟು ಸುರಿದಿರಬೇಕು! ನೀಡ್‌ಲೆಸ್ ಟು ಸೇ, ಸ್ಕ್ರೀನ್ ಕಪ್ಪು. ಒತ್ತಿದರೂ ಕಪ್ಪು, ತಟ್ಟಿದರೂ ಕಪ್ಪು.

ಅಂದುಬಿಟ್ಟೆ. "ನಿನ್ನಿಂದ ಕೆಟ್ಟಿತು ಅಕ್ಕ" ಅಂತ. ಅವಳು ಸೆರಗಿನಿಂದ ಸೈಕಲ್ಲಿನ ಸೀಟು ಒರೆಸತೊಡಗಿದಳು. ಅಕ್ಕ ತಿರುಗಿ ಬೈಯದೆ ಇದ್ದದ್ದು ನನಗೆ ಗೊತ್ತಿರುವ ಹಾಗೆ ಇದೇ ಮೊದಲು.

ಅದೇ ದಿನ, ಸಂಜೆ

ಫಿಸಿಯೋಥೆರಪಿ ಮಾಡಿಸುವ ಶಾಲಿನಿ ಬಂದಿದ್ದರು. ಆಗಸ್ಟ್ ಕೊನೆಯಲ್ಲಿ ಅಕ್ಕನ ಬಲಮಂಡಿ ತೆಗೆದು ಲೋಹದ್ದು ಹಾಕಿದ್ದಾರಲ್ಲ, ಅದು ಎಷ್ಟು ಬಾಗುತ್ತದೆ ಎಂದು ಸ್ಕೇಲಿನಂಥದ್ದು ಹಿಡಿದು ಅಳೆದರು. ಎಂಬತ್ನಾಲ್ಕು ಡಿಗ್ರಿ.

"ಅಜ್ಜಿ, ಹದಿನಾಲ್ಕನೇ ತಾರೀಕು ಡಾಕ್ಟರ್ ನೋಡ್ತಾರೆ. ಅಷ್ಟರಲ್ಲಿ ನೂರು ದಾಟ್ಬೇಕು. ಇಲ್ಲಾಂದ್ರೆ ಮತ್ತೆ ಅನೆಸ್ತೀಸಿಯಾ ಕೊಟ್ಟು ಅವರೇ ಬಗ್ಗಿಸ್ತಾರೆ."

"ಇನ್ನೊಂದ್ಸಲ ಆ ಟೇಬಲ್ ಮ್ಯಾಲೆ ನಾ ಮನಿಕಳಲ್ಲ ಕಣಮ್ಮ. ಕಾಲು ಇಂಗೇ ಕೋಲಾಗ್ಲಿ."

"ಕೋಲಾದ್ರೆ ಬಸ್ ಹತ್ತಕ್ಕಾಗಲ್ಲ. ಊರಿಗೆ ಹೆಂಗೆ ಹೋಗ್ತೀರಾ?"

ಊರು ಅಂದರೆ ಮಂಡಕಳ್ಳಿ. ಇಲ್ಲಿಂದ ಒಂದೇ ಬಸ್ಸು. ಅಲ್ಲಿ ಅವಳ ಮಗ, ಸೊಸೆ ಚಂದ್ರಮತಿ, ಮೂರು ಎಮ್ಮೆ. ಆ ಎಮ್ಮೆಗಳಿಗೆ ಚಂದ್ರಮತಿ ಹಿಂಡಿ ಕಮ್ಮಿ ಹಾಕುತ್ತಾಳೆ ಎಂಬುದು ಆಪರೇಷನ್ ನೋವಿಗಿಂತ ದೊಡ್ಡ ನೋವು ಅವಳಿಗೆ. ಆಟೋ, ಕಾರು ಒಗ್ಗುವುದಿಲ್ಲ, ವಾಂತಿ. ಬಸ್ಸೇ ಆಗಬೇಕು. ಬಸ್ಸಿನ ಮೆಟ್ಟಿಲು ಎತ್ತರ.

ಪೆಡಲ್ ತುಳಿಯುವುದೊಂದೇ ದಾರಿ. ಕೆಡುವ ಮುಂಚೆ ಸ್ಕ್ರೀನಿನಲ್ಲಿ ಯಾವುದೋ ದೇಶದ ರಸ್ತೆ ಓಡುತ್ತಿತ್ತು, ಮುಂದೆ ಒಬ್ಬ ಬಿಳಿ ಹುಡುಗಿ ಸೈಕಲ್ ಹೊಡೆಯುತ್ತ "ಕಮಾನ್, ಕಮಾನ್" ಅನ್ನುತ್ತಿದ್ದಳು. ಅಕ್ಕ ಅವಳ ಜೊತೆ ಮಾತಾಡುತ್ತಲೇ ಹದಿನೈದು ನಿಮಿಷ ತುಳಿದುಬಿಡುತ್ತಿದ್ದಳು. "ವಸಿ ನಿಂತ್ಕ ಮಗ, ಬತ್ತಾ ಇವ್ನಿ" — "ಅಲ್ನೋಡು, ಅಷ್ಟು ದೊಡ್ ಹೊಲ, ಒಂದ್ ಬದು ಇಲ್ಲ." ಈಗ ಕಪ್ಪು ಗಾಜಿನ ಮುಂದೆ ಎರಡೇ ನಿಮಿಷಕ್ಕೆ ಇಳಿದಳು. "ಕುರುಡ್ ಗೋಡೆ ನೋಡ್ಕಂಡು ಎಂಗ್ಲಾ ತುಳೀಲಿ?"

ಹನ್ನೊಂದು ದಿನ ಇದೆ.

ಅಕ್ಟೋಬರ್ 4, ಶನಿವಾರ

ಕಂಪನಿಯ ಕಸ್ಟಮರ್ ಕೇರಿಗೆ ಫೋನ್. ಒಂದು ಹೆಣ್ಣುದನಿ, ಇಂಗ್ಲಿಷ್ ಬಿಟ್ಟರೆ ಹಿಂದಿ. ನಾನು ಈವ್ನಿಂಗ್ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದವರೆಗೆ ಓದಿದ ಇಂಗ್ಲಿಷನ್ನು ಟ್ರಂಕಿನಿಂದ ತೆಗೆದೆ. ಮಡಿಕೆ ಹಾಗೇ ಇದೆ, ಅಲ್ಲಲ್ಲಿ ಜಿರಲೆ ತಿಂದಿದೆ.

"ಸರ್, ಹ್ಯಾವ್ ಯು ಚೆಕ್ಡ್ ದ ಕೇಬಲ್ ಕನೆಕ್ಷನ್ಸ್?"

"ಯಂಗ್ ಲೇಡಿ, ಐ ವಾಸ್ ಚೆಕಿಂಗ್ ಕೇಬಲ್ ಕನೆಕ್ಷನ್ಸ್ ಬಿಫೋರ್ ಯುವರ್ ಹ್ಯಾಪಿ ಬರ್ತ್."

ಅವಳು ನಕ್ಕಳು. ಒಳ್ಳೆಯ ಹುಡುಗಿ. ಮೂರು ಕಡೆ ನೋಡಿ ಸರ್ ಅಂದಳು: ಹಿಂದೆ ಅಡಾಪ್ಟರು ಸಿಕ್ಕಿಸುವ ತೂತು, ಸ್ಕ್ರೀನಿನ ಬೆನ್ನು, ಕಂಬದ ಒಳಗಿನ ಜಾಯಿಂಟು. ಮೂರನ್ನೂ ಬಿಚ್ಚಿ, ಕ್ಲಿಕ್ ಅನ್ನುವವರೆಗೆ ಒತ್ತಿ. ಆದರೂ ಬರದಿದ್ದರೆ ಟೆಕ್ನಿಷಿಯನ್ ಕಳಿಸುತ್ತೇವೆ, ಹದಿನೇಳಕ್ಕೆ.

ಹದಿನೇಳಕ್ಕೆ ಬಂದು ಯಾರ ಮಂಡಿ ಬಗ್ಗಿಸುತ್ತಾನೆ?

ವೋಲ್ಟ್ ಅಳೆಯುವ ನನ್ನ ಹಳೇ ಮೀಟರ್ ಹೊರತೆಗೆದೆ. ಅಡಾಪ್ಟರು — ಹಸಿರು ದೀಪ ಇದೆ, ಹನ್ನೆರಡು ವೋಲ್ಟ್ ಬರುತ್ತಿದೆ. ಸ್ಕ್ರೀನಿನ ಬೆನ್ನು — ಸೊನ್ನೆ. ಕಂಬದ ಜಾಯಿಂಟು ನೋಡಲಿಲ್ಲ. ಅದು ನಾನು ಹಾಕಿದ್ದು. ನಾನು ಹಾಕಿದ ಜಾಯಿಂಟನ್ನು ಇದುವರೆಗೆ ಯಾವ ಇಂಜಿನಿಯರೂ ಬಿಚ್ಚಿ ನೋಡಿ ಅಂದದ್ದಿಲ್ಲ. ಮೇಲಿನ ವೈರಿನೊಳಗೇ ನೀರು ಹೊಕ್ಕಿದೆ, ಟು ದ ಬೆಸ್ಟ್ ಆಫ್ ಮೈ ನಾಲೆಜ್. ಸೈಕಲ್ಲನ್ನು ಹಿತ್ತಲ ವರಾಂಡದ ಬಿಸಿಲಿಗೆ ತಿರುಗಿಸಿ ಇಟ್ಟಿದ್ದೇನೆ. ಒಣಗಲಿ.

ಅಕ್ಟೋಬರ್ 5, ಭಾನುವಾರ

ಒಣಗಲಿಲ್ಲ. ಆದರೆ ಬೇರೇನೋ ಆಯಿತು.

ಅಕ್ಕನನ್ನು ಪುಸಲಾಯಿಸಿ ಹತ್ತಿಸಿದೆ. ಎರಡು ನಿಮಿಷ, ನಿಂತಳು. ಏನು ಹೊಳೆಯಿತೋ, ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತು, "ಅಕ್ಕ, ಈಗ ಬಲ್ಲಾಳ್ ಸರ್ಕಲ್ಲಿಂದ ಹೊರಟಿದ್ದೀವಿ. ತುಳಿ" ಅಂದೆ.

"ಏನೈತೆ ಅಲ್ಲಿ?"

"ಮೇಲೆ ಏನಿದೆಯೋ ಎಲ್ಲಾರ್ಗೂ ಗೊತ್ತು. ಕೆಳಗೇನಿದೆ ಹೇಳ್ತೀನಿ ಕೇಳು."

ಶುರುವಾಯಿತು. ಮ್ಯಾನ್‌ಹೋಲಿನಿಂದ ಮ್ಯಾನ್‌ಹೋಲಿಗೆ. ಯಾವ ಗುಂಡಿಯಲ್ಲಿ ನೂರು ಜೋಡಿ ತಂತಿ, ಯಾವುದರಲ್ಲಿ ನಾನೂರು. ತಂತಿಗಳ ಬಣ್ಣ ವರಸೆಯಾಗಿ: ಬ್ಲೂ, ಆರೆಂಜ್, ಗ್ರೀನ್, ಬ್ರೌನ್, ಸ್ಲೇಟ್. ಮಳೆಗಾಲದಲ್ಲಿ ಗುಂಡಿಯ ಮೇಲೆ ಟೆಂಟು, ಒಳಗೆ ಸೊಂಟದವರೆಗೆ ನೀರು, ಬಾಯಲ್ಲಿ ಟಾರ್ಚು. ರಾಮಸ್ವಾಮಿ ಸರ್ಕಲ್ ಹತ್ತಿರ ಒಂದು ಗುಂಡಿಯಲ್ಲಿ ಕಪ್ಪೆ ಸಂಸಾರ ಇತ್ತು. ನಾನು ಇಳಿದರೆ ಒಂದೇ ಸಮ ಬೈಯುತ್ತಿದ್ದವು, ಇಲಾಖೆಯ ಸೂಪರ್‌ವೈಸರ್ ಥರ.

ಅಕ್ಕ ನಗುತ್ತ ತುಳಿದಳು. ಗಡಿಯಾರ ನೋಡಿದರೆ ಹದಿನೆಂಟು ನಿಮಿಷ!

ನನ್ನ ಹೆಂಡತಿ ಪದ್ಮಾವತಿ ಇದ್ದಾಗ ಈ ಕಥೆ ಎತ್ತಿದರೆ "ಗುಂಡಿ ಸಮಾಚಾರ ಊಟದ ಹೊತ್ತಲ್ಲಿ ಬೇಡ ಕಣ್ರೀ" ಅಂದು ಸಾರು ಬಡಿಸುತ್ತಿದ್ದಳು. ಎಲ್ಲ ಹಾಗೇ ಒಳಗೆ ಉಳಿದಿತ್ತು ಅಂತ ಕಾಣುತ್ತದೆ. ಅವಳು ಹೋದ ನಾಲ್ಕು ವರ್ಷದಿಂದ ಈ ಪುಸ್ತಕಕ್ಕೆ ದಿನಾ ಮಾತಾಡುತ್ತೇನೆ. ಇದನ್ನು ಮಾತ್ರ ಬರೆದಿರಲಿಲ್ಲ.

ಅಕ್ಟೋಬರ್ 8, ಬುಧವಾರ

ಎರಡು ದಿನ ಬರೆಯಲಾಗಲಿಲ್ಲ, ಕಥೆ ಹೇಳಿ ಹೇಳಿ ಸುಸ್ತಾಗಿತ್ತು. ಬೆಳಿಗ್ಗೆ ಒಂದು ಷೋ, ಸಂಜೆ ಒಂದು. ಮೆಟ್ರೋಪೋಲ್ ದಾಟಿ, ರೈಲ್ವೆ ಸ್ಟೇಷನ್ ದಾಟಿ, ಯಾದವಗಿರಿ ಸೇರಿದ್ದೇವೆ. ಅಲ್ಲಿ ಒಂದು ಬಂಗಲೆಯವರ ಮಗಳ ಮದುವೆ ನಾಳೆ ಅನ್ನುವಾಗ ಫೋನ್ ಸತ್ತುಹೋಗಿ, ನಾನು ಗೇಟಿನ ಮುಂದಿನ ಗುಂಡಿಯಲ್ಲಿ ಕೂತು ಜೋಡಿ ಹುಡುಕುತ್ತಿದ್ದರೆ, ಆ ಮನೆಯ ಅಜ್ಜಿ ಬುಟ್ಟಿಗೆ ಹಗ್ಗ ಕಟ್ಟಿ ಬಿಸಿ ಉಪ್ಪಿಟ್ಟು ಇಳಿಸಿದ್ದರು. ಜೊತೆಗೆ ಒಂದು ಮಾತು: "ಲೈನ್ ಬಂದ್ರೆ ಮಾತ್ರ ಕಾಫಿ."

"ಬಂತೇನ್ಲಾ?"

"ಬಂತಕ್ಕ."

"ಕಾಫಿ?"

"ಎರಡು ಲೋಟ."

"ಅಂಗಾದ್ರೆ ಇನ್ನೂ ಅರ್ಧ ಮೈಲಿ ತುಳೀತೀನಿ, ನಡಿ."

ಶಾಲಿನಿ ಅಳೆದರು. ತೊಂಬತ್ಮೂರು! "ಅಂಕಲ್, ಏನ್ ಮಾಡಿದ್ರಿ?" ಅಂದರು. "ಲೋಕಲ್ ಚಾನೆಲ್ ಹಾಕಿದೀನಿ" ಅಂದೆ.

ಆದರೆ ಷೋ ಮುಗಿದಮೇಲೆ ಅಕ್ಕ ಸೈಕಲ್ಲಿನ ಕಂಬ ಸವರಿ, "ಪಾಪ, ನನ್ ಕೈಯಿಂದ ಸತ್ತೋಯ್ತು" ಅಂದಳು. ಆ ಮಾತು ಹಿಡಿಸಲಿಲ್ಲ. ಸ್ಕ್ರೀನ್ ಎಬ್ಬಿಸಲೇಬೇಕು.

ಅಕ್ಟೋಬರ್ 9, ಗುರುವಾರ. ಮಧ್ಯಾಹ್ನ

ಬರೆಯಲೋ ಬೇಡವೋ. ಬರೆಯುತ್ತೇನೆ, ಇಲ್ಲಿ ಯಾರು ಓದುತ್ತಾರೆ.

ಅಕ್ಕ ಸ್ನಾನಕ್ಕೆ ಹೋಗಿದ್ದಳು. ಮೀಟರ್ ಹಿಡಿದು ಕೂತೆ. ಅಡಿಯಲ್ಲಿ ಹನ್ನೆರಡು, ತಲೆಯಲ್ಲಿ ಸೊನ್ನೆ. ಲೈನನ್ನು ಅರ್ಧ ಮಾಡು, ಯಾವ ಅರ್ಧ ಸತ್ತಿದೆ ನೋಡು — ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತದ್ದು. ಅರ್ಧ ಅಂದರೆ ಕಂಬದ ಜಾಯಿಂಟು. ಬೇರೆ ಯಾರದ್ದೇ ಆಗಿದ್ದರೆ ಮೊದಲ ದಿನವೇ ಬಿಚ್ಚುತ್ತಿದ್ದೆ.

ನಾಲ್ಕು ಸ್ಕ್ರೂ. ಮುಚ್ಚಳ ತೆಗೆದೆ.

ಒಳಗೆ ಒಣ ಒಣ. ಒಂದು ಹನಿ ನೀರಿಲ್ಲ. ಕನೆಕ್ಟರಿನ ಎರಡು ತಲೆಗಳು ಉಗುರಿನಷ್ಟು ದೂರ ಜಾರಿ ನಿಂತಿವೆ. ನಡುವೆ ನನ್ನ ಜೆಲ್ಲಿ, ಬೆಣ್ಣೆಮುದ್ದೆ ಹಾಗೆ. ಅಷ್ಟು ತುಂಬಿದರೆ ಕೊಂಡಿ ಎಲ್ಲಿ ಕಚ್ಚುತ್ತದೆ? ಕಚ್ಚದೆ ಹಿಂದಕ್ಕೆ ತಳ್ಳಿಕೊಂಡಿದೆ. ಅವತ್ತು ಕ್ಲಿಕ್ ಶಬ್ದ ಕೇಳಿದ್ದೆನೇ? ಇಲ್ಲ. ಸ್ಕ್ರೀನ್ ಹಾಕಿ ನೋಡಿದ್ದೆನೇ? ಇಲ್ಲ. ಒರೆಸಿ ಪೂಜೆಗೆ ಇಟ್ಟ ಸಾಮಾನನ್ನು ಪೂಜೆ ಮುಗಿಯುವವರೆಗೆ ನಡೆಸಬಾರದು ಎಂದು ಹಾಗೇ ಬಿಟ್ಟಿದ್ದೆ. ನಮ್ಮ ಗ್ಯಾಂಗಿನ ಪದ್ಧತಿ. ಅವತ್ತು ಮೀಟರಿಗೂ ರಜ, ಕಟಿಂಗ್ ಪ್ಲೇಯರಿಗೂ ರಜ.

ನೀರಲ್ಲ. ಅಕ್ಕ ಅಲ್ಲ. ನಾನು.

ಹತ್ತಿಯಿಂದ ಒರೆಸಿದೆ, ಬೆಂಕಿಕಡ್ಡಿಯಿಂದ ಮೂಲೆ ಮೂಲೆ ಕೆದಕಿದೆ, ಒತ್ತಿದೆ. ಕ್ಲಿಕ್. ಬಿಳಿ ಹುಡುಗಿ ಹಲ್ಲು ಬಿಟ್ಟುಕೊಂಡು ಬಂದಳು.

ಅಕ್ಕ ಒದ್ದೆ ಕೂದಲಿನಲ್ಲೇ ವಾಕರ್ ತಳ್ಳಿಕೊಂಡು ಬಂದಳು. "ಬಂದ್ಬುಟ್ಲಲ್ಲೋ ಇವ್ಳು! ನೀರು ಒಣಗ್ತಾ?"

"ಹೂಂ" ಅಂದೆ.

ಒಂದೇ ಅಕ್ಷರ. ಮೂವತ್ತೆಂಟು ವರ್ಷದ ಸರ್ವಿಸಿನಲ್ಲಿ ಇಷ್ಟು ಕೆಟ್ಟ ಜಾಯಿಂಟು ಹಾಕಿರಲಿಲ್ಲ.

ಅಕ್ಟೋಬರ್ 11, ಶನಿವಾರ

ಸ್ಕ್ರೀನ್ ಇದೆ, ರಸ್ತೆ ಇದೆ, ಹುಡುಗಿ ಇದ್ದಾಳೆ. ಅಕ್ಕ ತುಳಿಯುತ್ತಿಲ್ಲ. ಹತ್ತುತ್ತಾಳೆ, ಮೊಟ್ಟೆಯ ಮೇಲೆ ಕೂತವಳ ಹಾಗೆ ಕೂರುತ್ತಾಳೆ, ಐದು ನಿಮಿಷ ಮೆಲ್ಲಗೆ ತಿರುಗಿಸಿ ಇಳಿಯುತ್ತಾಳೆ.

"ಜೋರಾಗಿ ತುಳಿಯಕ್ಕ."

"ಬ್ಯಾಡ ಕಣೋ. ನನ್ ಕೈ ತಾಕಿದ್ರೆ ಕೆಡ್ತವೆ ಇವೆಲ್ಲ. ಮತ್ತೆ ಕೆಟ್ರೆ ನೀನು ಎಷ್ಟು ದಿನ ಗಂಟ್ಲು ಅರ್ಕತೀಯ."

ಶಾಲಿನಿ ಅಳೆದರು. ತೊಂಬತ್ಮೂರೇ. ಮೂರು ದಿನದಿಂದ ಒಂದು ಡಿಗ್ರಿ ಏರಿಲ್ಲ. "ಮೈ ಬಿಗಿ ಹಿಡ್ಕೊಂಡಿದಾರೆ ಅಂಕಲ್. ಹೆದರ್ಕೊಂಡಿದಾರೆ. ಮಂಗಳವಾರ ಡಾಕ್ಟರ್ ಹತ್ರ ನಾನೇನ್ ಹೇಳ್ಲಿ?"

ನನ್ನ ಒಂದು "ಹೂಂ" ಅಕ್ಕನ ಮಂಡಿಯೊಳಗೆ ಹೋಗಿ ಕೂತಿದೆ. ಎಷ್ಟೋ ಹೊತ್ತು ಹಿತ್ತಲಲ್ಲಿ ಸುತ್ತಿದೆ. ಈ ಮಾನ ಯಾರಿಗೆ ತೋರಿಸಲಿಕ್ಕೆ? ಇಲಾಖೆಯೇ ಮರೆತಿದೆ. ಗುಂಡಿಗಳನ್ನೂ ಮುಚ್ಚಿಬಿಟ್ಟಿದ್ದಾರೆ, ಈಗೆಲ್ಲ ಗಾಜಿನೆಳೆಯ ಕೇಬಲ್ಲು.

ನಾಳೆ ಹೇಳಿಬಿಡುತ್ತೇನೆ. ಕಮ್ ವಾಟ್ ಮೇ.

ಅಕ್ಟೋಬರ್ 12, ಭಾನುವಾರ. ಬೆಳಿಗ್ಗೆ 11

ಹೇಳಿದೆ. ಬಿಸಿ ಆರುವ ಮೊದಲೇ ಬರೆದುಬಿಡಬೇಕು.

ಅಕ್ಕ ಮೆಲ್ಲಗೆ ತಿರುಗಿಸುತ್ತಿದ್ದಳು. ಹುಡುಗಿಯ ಬಾಯಿ ಬಂದ್ ಮಾಡಿ, ಎದುರಿಗೆ ನಿಂತೆ.

"ಅಕ್ಕ, ಅದು ನೀರಿಂದ ಕೆಟ್ಟಿದ್ದಲ್ಲ."

"ಇನ್ನೇತರಿಂದ?"

"ನನ್ನಿಂದ."

ಕಾಲು ನಿಂತಿತು. ಎಲ್ಲ ಹೇಳಿದೆ. ಕಂಬ ಬಿಚ್ಚಿದ್ದು, ಜೆಲ್ಲಿ ತುಂಬಿದ್ದು, ಕೊಂಡಿ ಕಚ್ಚದೇ ಇದ್ದದ್ದು, ಒಳಗೆ ಒಂದು ಹನಿ ನೀರೂ ಇಲ್ಲದಿದ್ದದ್ದು, ಗೊತ್ತಾದಮೇಲೂ ಮೂರು ದಿನ ಬಾಯಿ ಮುಚ್ಚಿಕೊಂಡದ್ದು. ಅಕ್ಕ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಸಣ್ಣವನಿದ್ದಾಗ ಬೆಲ್ಲ ಕದ್ದಾಗ ನೋಡಿದ ಹಾಗೆಯೇ.

"ಜೆಲ್ಲಿ ಅಂದ್ರೆ ಏನ್ಲಾ?"

"ಚಳಿಗಾಲದಲ್ಲಿ ತುಟಿಗೆ ಹಚ್ಕೋತಾರಲ್ಲ, ಅದು."

"ಸೈಕಲ್‌ಗೆ ತುಟಿ ಒಡ್ದಿತ್ತಾ?"

ಆಮೇಲೆ ಬಂತು ನಗು. ಹ್ಯಾಂಡಲ್ ಹಿಡಿದುಕೊಂಡು, ಕಣ್ಣಲ್ಲಿ ನೀರು, ಉಸಿರು ಸಿಕ್ಕದೆ. ಡ್ಯೂಟಿ ಮುಗಿಸಿ ಬಂದು ಮಲಗಿದ್ದ ಅಮರ ಎದ್ದು ಓಡಿ ಬಂದ. "ಅತ್ತೆ, ಬಿದ್ರಾ?"

"ನಾನಲ್ಲ ಕಣಪ್ಪ, ನಿಮ್ಮಪ್ಪ ಬಿದ್ದವ್ನೆ! ಮೂವತ್ತೆಂಟ್ ವರ್ಸ ಮೈಸೂರ್ನೋರೆಲ್ಲ ಅಲೋ ಅಲೋ ಅಂತ ಬಡ್ಕಂಡಿದ್ದು ಇದ್ಕೇಯ!"

ಅಮರನಿಗೂ ಕಥೆ ಹೇಳಬೇಕಾಯಿತು. ಅವನು ಬಾಗಿಲಿಗೆ ಒರಗಿ ಕೂತೇಬಿಟ್ಟ. ನಾನು ತಲೆ ತಗ್ಗಿಸಿ ನಿಂತಿದ್ದೆ. ಆದರೆ ಕಣ್ಣು ಕೆಳಗಿತ್ತಲ್ಲ, ಕಂಡಿತು — ನಗುತ್ತ ನಗುತ್ತ ಅಕ್ಕನ ಕಾಲು ತುಳಿಯುತ್ತಿದೆ. ಬಿಗಿ ಇಲ್ಲ, ಭಯ ಇಲ್ಲ. ಮಂಡಿ ಮೇಲೆ ಬರುತ್ತದೆ, ಕೆಳಗೆ ಹೋಗುತ್ತದೆ.

"ಎಂಟು ದಿನ ಪಾಪ ಪಾಪ ಅಂತ ಆ ಕಬ್ಬಿಣದ ಮೈ ಸವರಿದ್ನಲ್ಲೋ! ಅದ್ಕೆ ತಪ್ಪುದಂಡ ಕಟ್ಟು. ಏನಾದ್ರೂ ಹೇಳು. ಈ ಹುಡ್ಗಿ ಓಯ್ತಾ ಅವ್ಳಲ್ಲ, ಆ ರಸ್ತೆ ಕೆಳ್ಗೆ ಏನೈತೆ?"

"ಅದು ಯಾವ ದೇಶವೋ ಅಕ್ಕ, ನಂಗೇನು ಗೊತ್ತು?"

"ಅಲ್ಲೂ ಗುಂಡಿ ಇಲ್ವಾ? ನಿನ್ನಂತೋನು ಒಬ್ಬ ಇಳ್ದಿರಲ್ವಾ?"

ಸರಿ, ಇಳಿಸಿದೆ. ಟಾಮಸ್ ಅಂತ ಹೆಸರಿಟ್ಟೆ. ಉಣ್ಣೆ ಟೋಪಿ, ಕೆಂಪು ಮೂಗು, ಗುಂಡಿಯಲ್ಲಿ ಮಂಜುಗಡ್ಡೆ. ಚರ್ಚಿನ ಹತ್ತಿರ ಲೈನ್ ಸತ್ತಿದೆ, ಪಾದ್ರಿ ಮೇಲೆ ನಿಂತು ಕೂಗುತ್ತಿದ್ದಾರೆ.

"ಅವ್ನಿಗೆ ಅಕ್ಕ ಅವ್ಳಾ?"

"ಇದ್ದಾಳೆ."

"ಮಂಡಿ ನೋವಾ?"

"ಸಿಕ್ಕಾಪಟ್ಟೆ."

"ಅವ್ಳ ಮ್ಯಾಲೂ ತಪ್ಪು ಹೊರಿಸಿದ್ನಾ?"

"...ಹೊರಿಸಿದ್ದ."

"ಮುಂಡೇದು. ಹೇಳು, ಮುಂದೇನಾಯ್ತು?"

ಇಪ್ಪತ್ತೇಳು ನಿಮಿಷ! ಅಮರ ಮೊಬೈಲಿನಲ್ಲಿ ಟೈಮ್ ನೋಡಿ ಕೂಗಿದ. ಸಂಜೆ ಇನ್ನೊಂದು ಷೋ ಇದೆ. ಟಾಮಸ್‌ಗೆ ಕಾಫಿ ಸಿಗುತ್ತದೋ ಇಲ್ಲವೋ ಅಷ್ಟರೊಳಗೆ ಯೋಚಿಸಬೇಕು.

ಅಕ್ಟೋಬರ್ 14, ಮಂಗಳವಾರ

ನೂರಾ ಒಂದು.

ಆಸ್ಪತ್ರೆ ಪಕ್ಕದ ಬೀದಿಯಲ್ಲೇ, ವಾಕರ್ ಹಿಡಿದೇ ನಡೆದೆವು. ಡಾಕ್ಟರು ಎರಡು ಸಲ ಅಳೆದರು. ಅನೆಸ್ತೀಸಿಯಾ ಬೇಡ, ಹೀಗೇ ತುಳಿಯಲಿ ಅಂದರು. ಅಕ್ಕ ಆಪರೇಷನ್ ಥಿಯೇಟರಿನ ಬಾಗಿಲಿಗೆ ಕೈ ಮುಗಿದಳು, ಇನ್ನು ಬರುವುದಿಲ್ಲ ಅನ್ನುವ ಹಾಗೆ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಇಬ್ಬರೂ ಮಸಾಲೆದೋಸೆ ತಿಂದೆವು. ಅವಳು ನನ್ನ ಚಟ್ನಿಯನ್ನೂ ತಿಂದಳು. ವಾಕರ್ ಬಿಟ್ಟು ಕೋಲು ಹಿಡಿಯಬಹುದಂತೆ.

ಮನೆಗೆ ಬಂದು ಕಸ್ಟಮರ್ ಕೇರಿಗೆ ಫೋನ್ ಮಾಡಿ ಟೆಕ್ನಿಷಿಯನ್ ಬೇಡ ಅಂದೆ. ಅದೇ ಹುಡುಗಿ. ವಾಟ್ ವಾಸ್ ದ ಪ್ರಾಬ್ಲಂ ಸರ್ ಅಂದಳು. "ಮ್ಯಾಡಮ್, ದ ಪ್ರಾಬ್ಲಂ ವಾಸ್ ವಿತ್ ದ ಸೀನಿಯರ್ ಟೆಕ್ನಿಷಿಯನ್" ಅಂದೆ. ಬರೆದುಕೊಂಡಳು ಅಂತ ಕಾಣುತ್ತದೆ.

ಅಕ್ಟೋಬರ್ 16, ಗುರುವಾರ. ಸಂಜೆ

ಕೂತುಕೊಂಡು ನಗುತ್ತಿದ್ದೇನೆ, ಒಬ್ಬನೇ. ಮೊದಲಿನಿಂದ ಬರೆಯಬೇಕು, ಇಲ್ಲವಾದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ನಾಲ್ಕು ಗಂಟೆಗೆ ಅಕ್ಕ, "ಬಸ್ಸಿನ್ ಮೆಟ್ಲು ಎಷ್ಟೆತ್ರ ಐತೆ ನೋಡ್ಕಂಬರಾನ, ಬಾ" ಅಂದಳು. ಬರೀ ನೋಡಲಿಕ್ಕೆ. ಇನ್ನೊಂದು ವಾರ ಪ್ರಾಕ್ಟೀಸ್ ಮಾಡಿ ದೀಪಾವಳಿ ಮುಗಿಸಿಕೊಂಡು ಹೋಗುವುದು ಅಂತ ಮಾತಾಗಿತ್ತು. ಮೆಲ್ಲಗೆ ಬಸ್‌ಸ್ಟಾಪಿಗೆ ಹೋದೆವು. ಎರಡು ಬಸ್ಸು ಬಂದವು, ಹೋದವು. ಮೆಟ್ಟಿಲನ್ನು ಸಂತೆಯಲ್ಲಿ ಎಮ್ಮೆ ನೋಡುವ ಹಾಗೆ ನೋಡಿದಳು. ಮೂರನೆಯದು ಮಂಡಕಳ್ಳಿ ಬಸ್ಸು.

"ಒಂದ್ಸಲ ಕಾಲಿಟ್ಟು ನೋಡ್ತೀನಿ. ಕೋಲು ಇಡ್ಕ."

ಕೋಲು ಹಿಡಿದುಕೊಂಡೆ. ಹತ್ತುವಾಗ ಒಳ್ಳೆಯ ಕಾಲು ಮೊದಲು ಎಂದು ಶಾಲಿನಿ ನೂರು ಸಲ ಹೇಳಿದ್ದಾರೆ. ಇವಳು ಲೋಹದ ಕಾಲನ್ನೇ ಎತ್ತಿದಳು. ಮಂಡಿ ಬಾಗಿತು. ಇನ್ನೂ ಬಾಗಿತು. ಮೆಟ್ಟಿಲ ಮೇಲೆ ಪಾದ ಕೂತಿತು. ಕಂಬಿ ಹಿಡಿದು ಒಂದೇ ದಮ್ಮಿಗೆ ಮೇಲೆ!

"ಭೇಷ್ ಅಕ್ಕ! ಇಳಿ ಈಗ" ಅಂದೆ.

ಇಳಿಯಲಿಲ್ಲ. ಇನ್ನೊಂದು ಮೆಟ್ಟಿಲು ಹತ್ತಿದಳು. ಒಳಗೆ ಹೋದಳು. ಕಿಟಕಿ ಪಕ್ಕದ ಸೀಟಿನಲ್ಲಿ ಸೆರಗು ಸರಿಮಾಡಿಕೊಂಡು ಕೂತಳು.

"ಅಕ್ಕ! ಇಳಿಯಕ್ಕ!"

"ಯಾಕ್ಲಾ ಇಳೀಲಿ? ಅತ್ತಾಯ್ತಲ್ಲ!"

ಕಂಡಕ್ಟರ್ ನನ್ನತ್ತ ನೋಡಿ, "ಯಜಮಾನ್ರೇ, ಹತ್ತದಾದ್ರೆ ಹತ್ತಿ" ಅಂದ. ಕಾಲಲ್ಲಿ ಮನೆಯ ಹವಾಯಿ ಚಪ್ಪಲಿ, ಮನೆ ಬಾಗಿಲು ತೆರೆದಿಟ್ಟು ಬಂದಿದ್ದೇನೆ, ಹೇಗೆ ಹತ್ತಲಿ? ಸೀಟಿ ಹೊಡೆದೇಬಿಟ್ಟ. ಬಸ್ಸು ಹೊರಟಿತು. ಅಕ್ಕ ಕಿಟಕಿಯಿಂದ ಕೈ ಬೀಸುತ್ತ ಏನೋ ಕೂಗಿದಳು, ಕೇಳಲಿಲ್ಲ. ಹಲ್ಲು ಮಾತ್ರ ಕಂಡಿತು.

ಫುಟ್‌ಪಾತಿನಲ್ಲಿ ನಾನು, ಕೈಯಲ್ಲಿ ಕೋಲು. ಒಂದು ಹುಡುಗಿ ಬಂದು "ತಾತ, ರೋಡ್ ದಾಟಿಸ್ಲಾ?" ಅಂದಳು. ದಾಟಿಸಿಕೊಂಡೆ.

ಈಗ ಯೋಚಿಸಿದರೆ — ಮೆಟ್ಟಿಲು ನೋಡಲಿಕ್ಕೆ ಹೋಗುವವಳು ಹಸಿರು ರೇಷ್ಮೆ ಸೀರೆ ಯಾಕೆ ಉಟ್ಟಳು? ಆಧಾರ್ ಕಾರ್ಡು ಯಾಕೆ ಸೊಂಟಕ್ಕೆ ಸಿಕ್ಕಿಸಿದಳು? ಅಮರನಿಗೆ ಮಧ್ಯಾಹ್ನವೇ "ಊರಲ್ಲಿ ಸಿಕ್ಕು" ಅಂದಿದ್ದಳಂತೆ. ಅವನು ತಮಾಷೆ ಅಂದುಕೊಂಡನಂತೆ.

ಈಗಷ್ಟೇ ಚಂದ್ರಮತಿ ಫೋನ್ ಮಾಡಿದ್ದಳು. ಹಿಂದೆ ಅಕ್ಕನ ಗಂಟಲು ಕೇಳಿಸುತ್ತಿತ್ತು, ಕೊಟ್ಟಿಗೆಯ ಕಡೆಯಿಂದ. ಹಿಂಡಿ ವಿಚಾರ. "ಮಾವ, ಅತ್ತೇನ ಯಾಕಿಷ್ಟು ಬೇಗ ಸರಿ ಮಾಡಿ ಕಳಿಸಿದ್ರಿ?" ಅಂದಳು, ನಗುತ್ತಲೇ.

ನಾಳೆ ಅವಳ ಬ್ಯಾಗು ತಲುಪಿಸಬೇಕು. ಮಾತ್ರೆ, ಎರಡು ಸೀರೆ, ಕನ್ನಡಕ, ಮಂಡಿಗೆ ಹಚ್ಚುವ ಎಣ್ಣೆ. ಕೋಲು ಬೇಡ ಅಂದಳಂತೆ, ಆದರೂ. ಸೈಕಲ್ಲನ್ನೂ ಕಳಿಸುವುದು ಹೇಗೆ? ಅಮರನ ಸ್ನೇಹಿತನ ಗೂಡ್ಸ್ ಆಟೋ ಇದೆ. ಕಂಬ ಬಿಚ್ಚಿಯೇ ಸಾಗಿಸಬೇಕು, ಅಲ್ಲಿ ಹೋಗಿ ನಾನೇ ಕೂಡಿಸಬೇಕು, ಕ್ಲಿಕ್ ಅನ್ನುವವರೆಗೆ. ಎರಡು ದಿನ ಅಲ್ಲೇ ಉಳಿದರೂ ಆಯಿತು. ಟಾಮಸ್ ಕಥೆ ಅರ್ಧಕ್ಕೆ ನಿಂತಿದೆಯಲ್ಲ, ಅವನು ಇನ್ನೂ ಗುಂಡಿಯಲ್ಲೇ ಇದ್ದಾನೆ. ಅಕ್ಕ ಕೇಳದೆ ಬಿಡುವುದಿಲ್ಲ. ನಾನು ಏನು ಯೋಚಿಸಿದ್ದೇನೆ ಅಂದರೆ, ಆ ಪಾದ್ರಿಯ ಮನೆಯ ಅಡುಗೆಯವಳು ಮೇಲಿಂದ ಬಗ್ಗಿ ನೋಡಿ... ಅಕ್ಷರಗಳು ಸಾಲು ಬಿಟ್ಟು ಹೋಗುತ್ತಿವೆ. ವರಾಂಡದಲ್ಲಿ ಬೆಳಕೇ ಇಲ್ಲ, ಯಾವಾಗ ಹೋಯಿತೋ. ಎದ್ದು ಲೈಟ್ ಹಾಕಿ ಬರುತ್ತೇನೆ...